ದೇವರ ಪಾಲಿನ ಜೋಳ

ಈಚೆಗೆ ಒಂದು ಶಾಲೆಯವರು ಮನೆಗೆ ಬಂದಿದ್ದರು. ಮಕ್ಕಳಿಗೆ ಸಮಾಜಸೇವೆಯ ಬಗ್ಗೆ ನಾಲ್ಕು ಮಾತು ಹೇಳಬೇಕಂತೆ. ಸಣ್ಣ ವಯಸ್ಸಿನಲ್ಲೇ ಊರಿನ ಹುಡುಗರನ್ನು ಕಟ್ಟಿಕೊಂಡು, ಓದುವ ಬಡಮಕ್ಕಳಿಗೆ ರೊಟ್ಟಿ ಹಾಕಿದವಳು ನಾನು ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಬರುವುದಿಲ್ಲ ಎಂದೆ. ಯಾಕೆ ಎಂದರೆ ಮೈಗೆ ಹುಷಾರಿಲ್ಲ ಎಂದೆ. ಮೈಗೆ ಏನೂ ಆಗಿರಲಿಲ್ಲ. ಆ ಮಾತು ತೆಗೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಮಕ್ಕಳ ಮುಂದೆ ಹಲ್ಲು ಕಚ್ಚಿಕೊಂಡು ನಿಲ್ಲುವುದಕ್ಕಿಂತ ಇಲ್ಲಿ ಕೂತು ಬರೆಯುವುದೇ ವಾಸಿ ಅನ್ನಿಸಿತು.

ಆಗ ನನಗೆ ಹದಿನೈದು. ಶಹಾಪುರದಲ್ಲಿ ಅಪ್ಪನದು ಜೋಳ, ತೊಗರಿ, ಶೇಂಗಾದ ಅಡತಿ ಅಂಗಡಿ. ನಿಜಾಮರ ಆಡಳಿತ ಹೋಗಿ ನಾಲ್ಕಾರು ವರ್ಷ ಆಗಿತ್ತು. ಶಾಲೆಯಿಂದ ಉರ್ದು ಎದ್ದು ಹೋಗಿ ಕನ್ನಡ ಬಂದು ಕೂತಿತ್ತು. ಅಲಿಫ್ ಬೇ ಕಲಿತ ನಾವು ದೊಡ್ಡ ಕತ್ತೆಗಳಾದ ಮೇಲೆ ಮತ್ತೆ ಅ ಆ ತಿದ್ದಿ, ಒಂದೆರಡು ವರ್ಷ ಕಳೆದುಕೊಂಡು, ಅಂತೂ ಏಳನೇತ್ತಕ್ಕೆ, ಅಂದರೆ ಏಳನೆಯ ತರಗತಿಗೆ, ಬಂದಿದ್ದೆವು. ಊರಿನ ಗಂಡಸರ ಬಾಯಲ್ಲಿ ಮಾತ್ರ ಒಂದೇ ಜಪ, ಏಕೀಕರಣ. ಚಹಾದ ಹೋಟೆಲಿನಲ್ಲಿ, ಗುಡಿಯ ಕಟ್ಟೆಯಲ್ಲಿ, ಅಪ್ಪನ ಅಂಗಡಿಯ ಗಾದಿಯ ಮೇಲೆ, ಎಲ್ಲಿ ನೋಡಿದರೂ ಕನ್ನಡಿಗರೆಲ್ಲ ಒಂದಾಗಬೇಕು ಎನ್ನುವ ಮಾತು. ಮೈಸೂರಿನವರನ್ನು ಇವರು ಯಾರೂ ಕಣ್ಣಿಂದ ಕಂಡಿರಲಿಲ್ಲ, ಆದರೆ ಅವರೊಂದಿಗೆ ಒಂದಾಗಲು ಎದ್ದು ನಿಂತಿದ್ದರು. ಪಕ್ಕದ ಓಣಿಯವರ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ.

ತರಗತಿಯಲ್ಲಿ ನನ್ನ ಪಕ್ಕ ಕೂಡುತ್ತಿದ್ದವಳು ವನದುರ್ಗದ ಕಡೆಯ ಕುರಿಗಾರರ ಹುಡುಗಿ. ಅವಳ ಹೆಸರು ಬರೆಯುವುದಿಲ್ಲ. ಇದ್ದರೆ ನನ್ನಷ್ಟೇ ಮುದುಕಿಯಾಗಿರುತ್ತಾಳೆ, ಮೊಮ್ಮಕ್ಕಳ ಎದುರು ಈ ಕತೆ ಅವಳಿಗೆ ಬೇಕಾಗಿರಲಿಕ್ಕಿಲ್ಲ. ಅವಳ ಹಟ್ಟಿಯ ಹತ್ತಿರ ಹೊಸದಾಗಿ ಒಂದು ಕನ್ನಡ ಶಾಲೆ ಮಂಜೂರಾಗಿ, ಮಾಸ್ತರು ಸಿಗದೆ ಬೀಗ ಬಿದ್ದಿತ್ತು. ಆಗಿನ ಕಾಲಕ್ಕೆ ಕನ್ನಡದಲ್ಲಿ ಏಳನೇತ್ತ ಪಾಸಾದವರು ಸಿಕ್ಕರೆ ಸರ್ಕಾರದವರು ಕೈ ಹಿಡಿದು ಕರೆದೊಯ್ದು ಕುರ್ಚಿಯ ಮೇಲೆ ಕೂಡಿಸುತ್ತಿದ್ದರು. ಮಗಳು ಪಾಸಾಗಿ ಬಂದು ಆ ಬೀಗ ತೆಗೆಯಬೇಕು, ಹಟ್ಟಿಯ ಮಕ್ಕಳು ಅವಳನ್ನು ಅಕ್ಕೋರು ಅನ್ನಬೇಕು ಎನ್ನುವುದು ಅವಳಪ್ಪನ ಆಸೆ. ಅವಳಿಗಂತೂ ಅದೊಂದೇ ಹುಚ್ಚು. ಮಗ್ಗಿ ನನಗಿಂತ ಜೋರಾಗಿ ಹೇಳುತ್ತಿದ್ದಳು. ಹೇಗೆ ಬರುತ್ತದೆ ನಿನಗೆ ಎಂದರೆ, "ದಿನಾ ಕುರಿ ಎಣಿಸಾಕಿ ನಾನು. ಒಂದು ತಪ್ಪಿದ್ರ ನಮ್ಮಪ್ಪ ಉಣ್ಣಾಕ ಕೊಡಂಗಿಲ್ಲ" ಎಂದು ನಗುತ್ತಿದ್ದಳು.

ಊರಲ್ಲಿ ದೂರದ ಒಬ್ಬ ಅತ್ತೆಯ ಮನೆಯಲ್ಲಿ ಅವಳು ಮಲಗಲು ಜಾಗ ಮಾಡಿಕೊಂಡಿದ್ದಳು. ಊಟ ಅಲ್ಲಿಲ್ಲ. ಸಂತೆಯ ದಿನ ಅಪ್ಪ ತಂದು ಕೊಡುವ ಕಟಕ ರೊಟ್ಟಿಯ ಗಂಟೇ ವಾರದ ಊಟ. ದಸರೆ ಮುಗಿದ ಮೇಲೆ ಮಳೆಗಾಲದ ಬೆಳೆ ಎದ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸಲು ಅವರು ಮಂದೆ ಹೊಡೆದುಕೊಂಡು ಕೃಷ್ಣೆಯ ದಂಡೆಯ ಕಡೆ ಇಳಿದುಹೋಗುತ್ತಿದ್ದರು. ಆ ವರ್ಷ ಹೋಗುವಾಗ ಅವಳಪ್ಪ ಶಾಲೆಯ ಗೇಟಿಗೆ ಬಂದು ನಿಂತಿದ್ದ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಕೋಲು.

"ಇನ್ನ ಸಂತಿಗಿ ಬರಾಕ ಆಗಂಗಿಲ್ಲ ಮಗಾ" ಎಂದ. "ಸಂಕ್ರಮಣಕ್ಕ ಬಂದು ನೋಡ್ತೀನಿ. ಊಟದ ಇಂತಜಾಮ ಆಗಿತ್ತಂದ್ರ ಇರು, ಓದು. ಇಲ್ಲಂದ್ರ ಉಪಾಸ ಬಿದ್ದು ಓದೂದು ಬ್ಯಾಡ. ಸುರಪುರದ ಕಡೀದೊಂದು ಸಂಬಂಧ ಕೇಳಾಕತ್ಯಾರ. ಮಾಡಿ ಕೈ ತೊಳಕೋತೀನಿ."

ಅವನು ಕೆಟ್ಟವನಲ್ಲ. ಮಗಳು ಹಸಿದಿರುವುದನ್ನು ನೋಡಲಾರದವನು, ಅಷ್ಟೇ.

ನಾನು ತಟ್ಟನೆ, ನಮ್ಮ ಮನೆಯಲ್ಲೇ ಉಣ್ಣು ಎಂದೆ. ನಮ್ಮ ಮನೆಯಲ್ಲಿ ಜೋಳಕ್ಕೇನು ಬರ, ಚೀಲದ ಮೇಲೆ ಚೀಲ ಒಟ್ಟಿರುತ್ತಿತ್ತು. ಅವಳು ತಲೆಯಾಡಿಸಿದಳು.

"ನಮ್ಮಪ್ಪ ಒಪ್ಪಂಗಿಲ್ಲ. ಒಬ್ಬರ ಮನಿ ಕೂಳು ತಿಂದ್ರ ಆ ಮನಿ ಕಸ ಹೊಡಿಬೇಕಾಗ್ತದಂತ. ಊರೆಲ್ಲ ಕೂಡಿ ಕೊಟ್ರ ಬ್ಯಾರೆ ಮಾತು. ಊರ ಕೂಳು ಯಾರ ಋಣಾನೂ ಅಲ್ಲ."

ಅವರ ಹಟ್ಟಿಯಲ್ಲಿ ಅದೇ ಪದ್ಧತಿಯಂತೆ. ಯಾರದಾದರೂ ಮಂದೆಗೆ ರೋಗ ಬಂದು ಕುರಿ ಸತ್ತರೆ, ಉಳಿದವರು ಮನೆಗೊಂದು ಮರಿ ಕೊಡುತ್ತಾರೆ. ಯಾರದು ಯಾವ ಮರಿ ಎಂದು ಆಮೇಲೆ ಯಾರೂ ಕೇಳುವುದಿಲ್ಲ. ಮರಿಯ ಬದಲು ಹಿಡಿ ಜೋಳ ಯಾಕಾಗಬಾರದು ಎಂದು ಅವಳೇ ಅಂದಳು. ಊರಲ್ಲಿ ಅವಳಂತೆ ಹಳ್ಳಿಯಿಂದ ಬಂದು ಅರೆಹೊಟ್ಟೆಯಲ್ಲಿ ಓದುವ ಹುಡುಗರು ಬೇರೆಯೂ ಇದ್ದರು. ಹಾಗೆ ನಮ್ಮ ಪಡೆ ಹುಟ್ಟಿತು. ತರಗತಿಯ ಏಳೆಂಟು ಜನ, ಹುಡುಗಿಯರು ಮನೆಯೊಳಗೆ ಹೋಗಿ ಕೇಳುವುದು, ಹುಡುಗರು ಚೀಲ ಹೊರುವುದು. ಬಾಯಿ ದೊಡ್ಡದಿದ್ದ ಕಾರಣಕ್ಕೆ ನಾನು ನಾಯಕಿ.

ಶಾಲೆ ಬಿಟ್ಟ ಮೇಲೆ ಮೊದಲ ದಿನ ಹುರುಪಿನಿಂದ ಹೊರಟೆವು. ಮೊದಲ ಮನೆಯಲ್ಲೇ ಮುಖಕ್ಕೆ ಹೊಡೆದಂತಾಯಿತು.

"ದೀಪ ಹಚ್ಚೀನವ್ವ. ದೀಪ ಹಚ್ಚಿದ ಮ್ಯಾಲ ಮನ್ಯಾಗಿನ ಕಾಳು ಹೊರಗ ಹೋಗಬಾರ್ದು, ಲಕ್ಷ್ಮಿ ಹೋಗ್ತಾಳ. ಅಷ್ಟೂ ಗೊತ್ತಿಲ್ಲೇನು ನಿಮಗ?"

ಎರಡನೆಯ ಮನೆಯಲ್ಲೂ ದೀಪ ಹಚ್ಚಿದ್ದರು, ಮೂರನೆಯ ಮನೆಯಲ್ಲೂ ಹಚ್ಚಿದ್ದರು. ಮರುದಿನ ಮುಂಜಾನೆ ಶಾಲೆಗೆ ಮೊದಲೇ ಹೋದೆವು. "ಇನ್ನಾ ಕಸ ಹೊಡದಿಲ್ಲ, ಜಳಕ ಆಗಿಲ್ಲ, ಎದ್ದ ಕೂಡ್ಲೆ ಕೈ ಚಾಚ್ತೀರಲ್ಲ" ಎಂದು ಬೈಸಿಕೊಂಡೆವು. ಮಧ್ಯಾಹ್ನ ಹೋದರೆ ಮಂಗಳವಾರ, ಕೊಡುವುದಿಲ್ಲ. ಶುಕ್ರವಾರ ಬಾಯಿ ಬಿಟ್ಟು ಕೇಳುವುದೇ ತಪ್ಪು. ಅಮಾವಾಸ್ಯೆಯ ದಿನ ಒಬ್ಬಾಕೆ ನಮ್ಮನ್ನು ನೋಡಿ ಬಾಗಿಲೇ ಹಾಕಿಕೊಂಡಳು. ಈ ಊರಿನ ಪಂಚಾಂಗದಲ್ಲಿ ಕೊಡುವ ದಿನ ಯಾವುದು ಎಂದು ನಾನು ಬೀದಿಯಲ್ಲೇ ನಿಂತು ಕೂಗಿದೆ. ಕುರಿಗಾರರ ಹುಡುಗಿ ನನ್ನ ಸೆರಗು ಜಗ್ಗಿ ಸುಮ್ಮನಿರಿಸಿದಳು.

ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅಡತಿ ಸಾಹುಕಾರ ಮಗಳನ್ನು ಬಿಟ್ಟು ಊರಲ್ಲಿ ಮುಫತ್ತು ಜೋಳ ಎತ್ತಿಸುತ್ತಿದ್ದಾನೆ ಎಂದು ಬಜಾರಿನಲ್ಲಿ ಸುದ್ದಿ ಹಬ್ಬಿತು. ಅಪ್ಪ ಮನೆಗೆ ಬಂದವನೇ ಟೋಪಿ ತೆಗೆದು ನೆಲಕ್ಕೆ ಒಗೆದ.

"ಊರ ಉಸಾಬರಿ ನಿನಗ್ಯಾಕ? ಓದಾಕ ಕಳಿಸಿದ್ರ ಭಿಕ್ಷಾ ಬೇಡಿ ನನ್ನ ಮಾನ ಕಳೀತಿ?"

"ನಿಮ್ಮ ಅಂಗಡ್ಯಾಗ ಇಷ್ಟು ಜ್ವಾಳ ಅದ, ಇಡೀ ಸಾಲಿಗಿ ಉಣ್ಣಾಕ ಹಾಕಬಹುದು" ಎಂದೆ. ಅವ್ವ ಬಂದು ನನ್ನನ್ನು ಎಳೆದುಕೊಂಡು ಹೋಗದಿದ್ದರೆ ಅವತ್ತು ನನ್ನ ಕೆನ್ನೆ ಕೆಂಪಾಗುತ್ತಿತ್ತು.

ಒಳಗೆ ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ಅಳು ನಿಂತ ಮೇಲೆ ಮೊರ ಕೆಳಗಿಟ್ಟಳು.

"ನೀವು ಮಂದಿ ಸಲುವಾಗಿ ಕೇಳಾಕತ್ತೀರಿ, ಅದಕ್ಕ ಕೊಡವಲ್ರು. ಮಂದಿ ಮಂದಿಗಿ ಕೊಡಂಗಿಲ್ಲ, ದೇವರಿಗಿ ಕೊಡ್ತಾರ. ಬೀಸೂಕಿಂತ ಮೊದಲ ಒಂದು ಹಿಡಿ ತಗದು ದೇವರ ಜಗಲಿ ಬುಡಕ ಗಡಿಗ್ಯಾಗ ಹಾಕ್ರಿ ಅನ್ನು. ದೇವರ ಪಾಲು ಅನ್ನು. ಒಮ್ಮಿ ದೇವರ ಹೆಸರಿಲೆ ಇಟ್ಟದ್ದು ಯಾರೂ ತಿರುಗಿ ಮನಿಗಿ ಬಳಸಂಗಿಲ್ಲ. ಮನಿಗಿ ಬಳಸಬಾರದಂದ್ರ ನಿಮಗ ಕೊಡಬೇಕಾತಲ್ಲ."

"ದೇವರಿಗಿ ಅಂದು ಹುಡುಗರಿಗಿ ಹಾಕಿದ್ರ ಸುಳ್ಳಾಗಂಗಿಲ್ಲೇನು ಆಯಿ?"

"ದೇವರು ಎಂದಾರ ರೊಟ್ಟಿ ತಿಂದಾನೇನ? ಹಸದ ಹುಡುಗ್ರು ತಿಂದ್ರ ಅಂವಗ ಮುಟ್ತದ. ಹೋಗು."

ಆಯಿಯ ಮಾತು ಮಂತ್ರದಂತೆ ನಡೆಯಿತು. ಯಾವ ಹೆಂಗಸರು ನಮ್ಮನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರೋ ಅವರೇ ಈಗ ಗಡಿಗೆ ತೊಳೆದು, ಸುಣ್ಣ ಬಳಿದು, ವಿಭೂತಿ ಹಚ್ಚಿ ಜಗಲಿಯ ಬುಡದಲ್ಲಿ ಇಟ್ಟುಕೊಂಡರು. ಪ್ರತಿ ಸೋಮವಾರ ಹೋದರೆ ಗಡಿಗೆ ಕಂಠಮಟ್ಟ ತುಂಬಿರುತ್ತಿತ್ತು. ಕೆಲವರು ಹಿಡಿಯ ಬದಲು ಬೊಗಸೆ ಹಾಕುತ್ತಿದ್ದರು. ಮೊದಲ ದಿನ ನಮ್ಮನ್ನು ಬೈದಿದ್ದಾಕೆ, "ಇಷ್ಟು ದಿನ ಯಾಕ ಬರಲಿಲ್ಲ?" ಎಂದು ನನ್ನನ್ನೇ ದಬಾಯಿಸಿದಳು. ಇದಕ್ಕೆ ಏನು ಹೇಳುತ್ತೀರಿ.

ಬಜಾರಿನ ಹಿಂದೆ ಒಬ್ಬರು ಬೀಬಿ ಒಂಟಿಯಾಗಿದ್ದರು. ನಿಜಾಮರ ಆಡಳಿತ ಹೋದ ಗದ್ದಲದ ವರ್ಷ ಹೊರಗೆ ಹೋದ ಅವರ ಗಂಡ ತಿರುಗಿ ಬಂದಿರಲಿಲ್ಲ. ಅವರ ಮನೆಯಲ್ಲಿ ಏನೆಂದು ಕೇಳುವುದು ಎಂದು ನಾವು ಆ ಬಾಗಿಲು ದಾಟಿ ಹೋಗುತ್ತಿದ್ದೆವು. ಒಂದು ಸೋಮವಾರ ಅವರೇ ಹೊಸ್ತಿಲಿಗೆ ಬಂದು ಕರೆದರು. "ಎಲ್ಲರ ಮನಿಗಿ ಹೋಗ್ತೀರಿ ಬೇಟಿ, ನಮ್ಮ ಮನ್ಯಾಗ ಕೂಳು ತಿನ್ನಂಗಿಲ್ಲೇನು ನಾವು?" ಗೋಡೆಯ ಗೂಡಿನಲ್ಲಿ ಅವರೂ ಒಂದು ಗಡಿಗೆ ಇಟ್ಟಿದ್ದರು. ಅದು ಅವರ ಖೈರಾತು, ದಾನದ ಪಾಲು. ನಾವು ಅದನ್ನೂ ಚೀಲಕ್ಕೆ ಸುರಿದುಕೊಂಡೆವು. ಬಿಳಿ ಜೋಳ, ಕೆಂಪು ಜೋಳ, ಹುಳ ಹಿಡಿದದ್ದು, ಹೊಸದು, ಎಲ್ಲ ಒಂದೇ ಚೀಲದಲ್ಲಿ ಸೇರಿ ಒಂದೇ ಹಿಟ್ಟಾಗುತ್ತಿತ್ತು.

ಶಾಲೆಯ ಹಿಂದೆ ಹಳೆಯ ಚಾವಡಿಯೊಂದು ಹಾಳುಬಿದ್ದಿತ್ತು. ಮಾಸ್ತರರನ್ನು ಕಾಡಿ ಬೇಡಿ ಅದರ ಒಂದು ಕೋಣೆಗೆ ಒಲೆ ಹೂಡಿದೆವು. ಮಾಸ್ತರರು ಧಾರವಾಡದ ಕಡೆಯವರು, ಒಳ್ಳೆಯವರು, ಆದರೆ ಯಾವುದಕ್ಕೂ "ನಾನು ಸರ್ಕಾರಿ ನೌಕರ, ನನ್ನನ್ನ ಮುಂದ ಮಾಡಬ್ಯಾಡ್ರಿ" ಅನ್ನುತ್ತಿದ್ದರು. ರೊಟ್ಟಿ ಬಡಿಯುವುದು ಹುಡುಗಿಯರ ಪಾಲಿಗೆ ಬಂತು. ನಾನು ಬಡಿದ ರೊಟ್ಟಿ ಅಂಚು ಹರಿದು ಊರಿನ ನಕ್ಷೆಯಾಗುತ್ತಿತ್ತು. ಕುರಿಗಾರರ ಹುಡುಗಿ ಬಡಿದರೆ ಹಂಚಿನಷ್ಟಗಲ, ಎಲೆಯಷ್ಟು ತೆಳು. ಅದಕ್ಕೆ ಪುಂಡಿಪಲ್ಯ, ಇಲ್ಲದಿದ್ದರೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಹಳ್ಳಿಯ ಹುಡುಗರು ಮೊದಲೆರಡು ದಿನ ಯಾರ ಕೈಯ ರೊಟ್ಟಿ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಮೂರನೆಯ ದಿನ ಹಸಿವೆ ಗೆದ್ದಿತು. ಆಮೇಲೆ ಅವಳು ಬಡಿದದ್ದೇ ಬೇಕು ಎಂದು ನನ್ನ ರೊಟ್ಟಿಯನ್ನು ಪಕ್ಕಕ್ಕೆ ಸರಿಸತೊಡಗಿದರು. ನನಗೆ ಸಿಟ್ಟು ಬಂದರೂ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಸಂಕ್ರಮಣಕ್ಕೆ ಅವಳಪ್ಪ ಬಂದ. ಚಾವಡಿಯ ಬಾಗಿಲಲ್ಲಿ ನಿಂತು ಸಾಲಾಗಿ ಕೂತು ಉಣ್ಣುವವರನ್ನು ನೋಡಿದ. ಮಗಳೂ ಆ ಸಾಲಿನಲ್ಲಿ ಕೂತಿದ್ದಳು. ಇದು ಯಾರ ಮನೆಯ ಜೋಳ ಎಂದು ಕೇಳಿದ. ಎಲ್ಲರ ಮನೆಯದು ಎಂದೆ. ಒಂದು ರೊಟ್ಟಿ ಇಸಿದುಕೊಂಡು ನಿಂತಲ್ಲೇ ತಿಂದು ನೀರು ಕುಡಿದ. ಹೋಗುವಾಗ ಹೆಗಲ ಮೇಲಿನ ಕಂಬಳಿಯನ್ನು ತೆಗೆದು, ಮಕ್ಕಳು ತಣ್ಣನೆಯ ನೆಲದ ಮೇಲೆ ಕೂಡಬಾರದು ಎಂದು ಹಾಸಿಕೊಟ್ಟು ಹೋದ. ಸುರಪುರದವರಿಗೆ ಈ ವರ್ಷ ಬೇಡ ಎಂದು ಹೇಳಿ ಕಳಿಸುತ್ತೇನೆ ಎಂದ. ಯುಗಾದಿಯ ಆಚೆ ಪರೀಕ್ಷೆ. ಅವಳು ಗೆದ್ದಳು ಎಂದೇ ನಾನು ತಿಳಿದೆ.

ನಮ್ಮ ಕೆಲಸ ಹದಗೆಟ್ಟಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅದು ನಡೆಯತೊಡಗಿತಲ್ಲ, ಅದೇ ತಪ್ಪಾಯಿತು. ಊರ ಹಿರಿಯರು ಒಬ್ಬೊಬ್ಬರಾಗಿ ಚಾವಡಿಗೆ ಬಂದು ನಿಂತು, ಮೀಸೆ ತಿರುವಿ, "ಭೇಷ್" ಅನ್ನತೊಡಗಿದರು. ಮಗಳು ಮಾನ ಕಳೆದಳು ಎಂದಿದ್ದ ಅಪ್ಪ ಈಗ ಅಂಗಡಿಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, "ನಮ್ಮಾಕಿನ ಶುರು ಮಾಡ್ಯಾಳ" ಅನ್ನುತ್ತಿದ್ದ. ಶಿವರಾತ್ರಿಯ ಹೊತ್ತಿಗೆ ಅವರದೊಂದು ಮಂಡಳಿ ಆಯಿತು. ಓದುವ ಹುಡುಗರಿಗೆ ಊಟ ವಸತಿಯ ನಿಲಯ ತೆರೆಯುವುದು, ಗಡಿಗೆಯ ಜೋಳವೆಲ್ಲ ಇನ್ನು ಅಲ್ಲಿಗೆ ಎಂದು ನಮ್ಮ ಅಂಗಡಿಯ ಗಾದಿಯ ಮೇಲೆ ತೀರ್ಮಾನವಾಯಿತು. ಅಪ್ಪನೂ ಅದರಲ್ಲೊಬ್ಬ. ಎಣ್ಣೆಗಾಣದ ಹಿರಿಯ ಸಾಹುಕಾರರು ಮುಖ್ಯಸ್ಥರು. ನನ್ನನ್ನು ಕರೆಸಿ ಕೈಗೆ ಬೆಲ್ಲದ ಚೂರು ಕೊಟ್ಟರು.

"ಬಾಳ ಚೊಲೊ ಕೆಲಸ ಮಾಡಿದಿ ಯವ್ವಾ. ಇನ್ನ ನಮಗ ಬಿಡು. ದೇವರ ಪಾಲು ಹುಡುಗ್ರ ಕೈಯಾಗ ಇರಬಾರ್ದು."

"ನಿಲಯದಾಗ ಯಾರ್‍ಯಾರು ಇರ್ತಾರ್ರಿ?"

"ನಮ್ಮವರ ಹುಡುಗ್ರು."

"ಈಗ ಉಣ್ಣಾಕತ್ತವರು?"

"ಅದರಾಗ ನಮ್ಮವರು ಇದ್ದವರು ಬರ್ತಾರ. ದೇವರ ಹೆಸರಿಲೆ ಇಟ್ಟದ್ದು ಲಿಂಗ ಕಟ್ಟಿದವರಿಗಿ ಸೇರಬೇಕಲ್ಲ. ಮತ್ತ ಹೆಣ್ಣುಹುಡುಗ್ಯಾರ್ನ ಗಂಡುಹುಡುಗ್ರ ನಡುವ ಇಟಗೊಳ್ಳಾಕ ಬರ್ತದೇನು? ನೀನ ಹೇಳು."

ಇದೆಲ್ಲ ಶುರುವಾದದ್ದೇ ಒಂದು ಹೆಣ್ಣುಹುಡುಗಿಗೋಸ್ಕರ ಎಂದೆ. ದನಿ ಏರಿತ್ತು. ಸಾಹುಕಾರರು ನಕ್ಕು ಅಪ್ಪನ ಕಡೆ ನೋಡಿದರು. ಅಪ್ಪ ತಕ್ಕಡಿಯ ಕಡೆ ನೋಡಿದ. "ಒಳಗ ನಡಿ. ದೊಡ್ಡಾಕಿ ಆಗೀದಿ, ಇನ್ನ ಮನಿ ಮನಿ ತಿರಗೂದು ಬಂದು ಮಾಡು" ಎಂದ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮೂರಿನಲ್ಲಿ ಪೂಜಾರಿಯ ಕೆಲಸವನ್ನೂ ಸಾಹುಕಾರರೇ ಹಿಡಿದಿದ್ದರು.

ಮಾತು ಕೇಳುವವಳಲ್ಲ ನಾನು. ಮರುದಿನವೇ ನಮ್ಮ ಪಡೆಯನ್ನು ಕಟ್ಟಿಕೊಂಡು ಮನೆಮನೆಗೆ ಹೋದೆ. ಈ ಸೋಮವಾರವೂ ಗಡಿಗೆ ನಮಗೇ ಕೊಡಿ ಎಂದು ಕೇಳಿದೆ. ಹೆಂಗಸರ ಮುಖ ಸಣ್ಣದಾಯಿತು. ಹಿರಿಯರು ದೇವರ ಪಾಲು ನಿಲಯಕ್ಕೆ ಸೇರಬೇಕು ಎಂದಿದ್ದಾರೆ, ಅದನ್ನು ಬೇರೆ ಕಡೆ ಕೊಟ್ಟು ಮನೆಗೆ ಕೇಡು ತಂದುಕೊಳ್ಳಲೇ ಎಂದರು. ಹಾಗಾದರೆ ಇನ್ನೊಂದು ಗಡಿಗೆ ಇಡಿ, ಬರೀ ಮಕ್ಕಳಿಗೆ ಎಂದೆ. "ಎಷ್ಟು ಹಿಡಿ ತಗೀಬೇಕವ್ವ ಒಂದು ರೊಟ್ಟಿ ಹಿಟ್ಟಿನಾಗ?" ಎಂದಳು ಒಬ್ಬಾಕೆ. ಅವಳದೂ ತಪ್ಪಲ್ಲ. ದೇವರ ಪಾಲು ಎಂದು ನಾವೇ ಹೇಳಿಕೊಟ್ಟಿದ್ದೆವು. ಈಗ ಇದು ದೇವರದಲ್ಲ, ಮಕ್ಕಳದು ಎಂದರೆ ಯಾರು ನಂಬಬೇಕು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸೋತು ಮನೆಗೆ ಬಂದು ಆಯಿಯ ಮೇಲೆ ಹರಿಹಾಯ್ದೆ. ನಿನ್ನ ಬುದ್ಧಿ ಕೇಳಿ ಹೀಗಾಯಿತು, ನಮ್ಮ ಮನೆಯ ಗಡಿಗೆಯನ್ನಾದರೂ ನನ್ನ ಗೆಳತಿಗೆ ಕೊಡು ಎಂದೆ. ಆಯಿ ಎದ್ದು ಜಗಲಿಗೆ ಹೋದಳು. ಗಡಿಗೆಯ ಬಾಯಿಗೆ ಕೈ ಹಾಕಿದಳು. ಬರಿಗೈ ಹೊರಗೆ ತೆಗೆದಳು.

"ನನ್ನ ಕೈ ಏಳವಲ್ದು" ಎಂದಳು. "ನಾನ ಹೇಳಿದ ಮಾತು ಖರೆ. ಆದ್ರೂ ಏಳವಲ್ದು."

ಅವತ್ತಿನಷ್ಟು ಸಿಟ್ಟು ನನಗೆ ಆಯಿಯ ಮೇಲೆ ಎಂದೂ ಬಂದಿರಲಿಲ್ಲ.

ಬೀಬಿಯ ಗಡಿಗೆಯೊಂದನ್ನು ಮಾತ್ರ ಮಂಡಳಿಯವರು ಬೇಡ ಎಂದು ವಾಪಸು ಕಳಿಸಿದ್ದರು. ಬೀಬಿ ಗಡಿಗೆಯನ್ನು ಹೊತ್ತು ತಂದು ಚಾವಡಿಯಲ್ಲಿ ನನ್ನ ಗೆಳತಿಯ ಮುಂದೆ ಇಟ್ಟು ಹೋದರು. ಉಣ್ಣುತ್ತಿದ್ದ ಬೇರೆ ಹುಡುಗರು ಒಬ್ಬೊಬ್ಬರಾಗಿ ಚಾವಡಿ ಬಿಟ್ಟಿದ್ದರು. ಉಳಿದಿದ್ದ ಹಿಟ್ಟು, ಆ ಗಡಿಗೆಯ ಜೋಳ, ಇಷ್ಟರಲ್ಲಿ ಅವಳು ದಿನ ನೂಕತೊಡಗಿದಳು. ನಾನು ಊರಿಗೆಲ್ಲ ಶಾಪ ಹಾಕುತ್ತಿದ್ದರೆ ಅವಳು ಲೆಕ್ಕ ಬಿಡಿಸುತ್ತಿದ್ದಳು.

"ಪರೀಕ್ಷಾ ಆಗೂತನ ಅಪ್ಪಗ ಹೇಳಂಗಿಲ್ಲ. ಒಂದ ಹೊತ್ತು ನುಚ್ಚು ಕುಡದು ಇರ್ತೀನಿ. ಇನ್ನ ಎಷ್ಟು ದಿನ ಅದಾವ? ನೀ ಬಾಯಿ ಮುಚ್ಚಕೊಂಡಿದ್ರ ಸಾಕು."

ಇರುತ್ತಿದ್ದಳು. ನನಗೆ ಈಗಲೂ ಅನುಮಾನವಿಲ್ಲ, ಅವಳು ನುಚ್ಚು ಕುಡಿದೇ ಪಾಸಾಗುತ್ತಿದ್ದಳು.

ನಿಲಯದ ಪ್ರಾರಂಭಕ್ಕೆ ದೊಡ್ಡ ಚಪ್ಪರ ಹಾಕಿದರು. ಯಾದಗಿರಿಯಲ್ಲಿ ರೈಲು ಇಳಿದು ಮೋಟಾರಿನಲ್ಲಿ ಒಬ್ಬ ದೊಡ್ಡ ಮನುಷ್ಯರು ಬಂದರು. ಬಾಜಾ ಬಜಂತ್ರಿ, ಹೂವಿನ ಹಾರ, ಎಲ್ಲ ಜೋರು. ಅತಿಥಿಗಳು ಏಕೀಕರಣದ ಬಗ್ಗೆ ಮಾತಾಡಿದರು. ಹರಿದು ಹಂಚಿಹೋದ ಕನ್ನಡದ ಮಕ್ಕಳೆಲ್ಲ ಒಂದೇ ತಾಯಿಯ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ದಿನ ದೂರವಿಲ್ಲ ಎಂದರು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಈ ಮಹತ್ಕಾರ್ಯಕ್ಕೆ ಮೊದಲ ಹಿಡಿ ಎತ್ತಿದ ಬಾಲಕಿ ಎಂದು ನನ್ನನ್ನು ಮೇಲೆ ಕರೆದು ಕೊರಳಿಗೆ ಹಾರ ಹಾಕಿದರು. ನಾನು ಇದಕ್ಕೇ ಕಾದಿದ್ದೆ. "ನನ್ನ ಗೆಳತಿ ಯಾವ ಪಂಕ್ತ್ಯಾಗ ಕುಂದ್ರಬೇಕ್ರಿ?" ಎಂದು ಕೇಳಲು ಬಾಯಿ ತೆರೆದೆ. ಎರಡು ಶಬ್ದ ಹೊರಬಂದಿರಬೇಕು. ಸಾಹುಕಾರರು ಕೈ ಎತ್ತಿ ಬಾಜಾದವರಿಗೆ ಸನ್ನೆ ಮಾಡಿದರು. ಡೋಲು, ಸನಾದಿ ಒಟ್ಟಿಗೆ ಎದ್ದವು. ನನ್ನ ತುಟಿ ಅಲ್ಲಾಡುವುದನ್ನು ನೋಡಿ ಅತಿಥಿಗಳು, ಹುಡುಗಿ ವಂದನೆ ಹೇಳುತ್ತಿದ್ದಾಳೆ ಎಂದುಕೊಂಡು ಕೈ ಮುಗಿದರು.

ಹಾರ ಕಿತ್ತು ಕೈಯಲ್ಲಿ ಹಿಡಿದುಕೊಂಡು ಚಪ್ಪರದ ಹೊರಗೆ ಬಂದೆ. ಬೇಲಿಯ ಹತ್ತಿರ ಅವಳು ನಿಂತಿದ್ದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ, ರಸ್ತೆಯ ಕಡೆ ನೋಡುತ್ತಿದ್ದಳು. ಅಲ್ಲಿ ಅವಳಪ್ಪ ಬರುತ್ತಿದ್ದ. ಹೆಗಲ ಮೇಲೆ ಒಂದು ತುಂಬಿದ ಚೀಲ.

ಸುದ್ದಿ ಕೃಷ್ಣೆಯ ದಂಡೆಯವರೆಗೂ ಹೋಗಿತ್ತು. ಶಹಾಪುರದ ಹುಡುಗರ ರೊಟ್ಟಿಯ ಕೆಲಸವನ್ನು ಹಿರಿಯರು ಕೈಗೆ ತಗೊಂಡಿದ್ದಾರೆ, ದೊಡ್ಡ ನಿಲಯವೇ ಆಗುತ್ತಿದೆ ಎಂದು ಯಾರೋ ಹೇಳಿದ್ದರು. ಮಗಳ ಊಟದ ಚಿಂತೆ ಕಾಯಂ ಕಳೆಯಿತು ಎಂದು ಅವನು ತಿಳಿದಿದ್ದ. ಕುರಿ ತರುಬಿದ್ದಕ್ಕೆ ರೈತರು ಕೊಟ್ಟ ಹೊಸ ಬಿಳಿ ಜೋಳದಲ್ಲಿ, ಹಟ್ಟಿಯವರೆಲ್ಲ ಹಿಡಿಹಿಡಿ ತೆಗೆದು ದೇವರ ಪಾಲು ಎಂದು ಕೂಡಿಹಾಕಿದ್ದರಂತೆ. ಅದನ್ನು ಹೊತ್ತುಕೊಂಡು ಬಂದಿದ್ದ. ಮಗಳು ಎದುರು ಓಡಿದಳು. ಅವಳು ಬಾಯಿ ತೆರೆಯುವ ಮೊದಲೇ ಅವನು ನಗುತ್ತ ಮುಂದೆ ನಡೆದು ಬಾಗಿಲಲ್ಲಿದ್ದ ಮಂಡಳಿಯವರ ಮುಂದೆ ಚೀಲ ಇಳಿಸಿದ.

"ನಮ್ಮ ಹಟ್ಟೀದೂ ಒಂದೀಟು ಇರ್ಲಿ ಸಾವ್ಕಾರ್ರ."

"ಬಾಳ ಚೊಲೊ ಆತು ನೋಡಪ" ಎಂದರು ಎಣ್ಣೆಗಾಣದ ಸಾಹುಕಾರರು. ಚೀಲದ ಬಾಯಿ ಬಿಚ್ಚಿ ಒಂದಿಷ್ಟು ಅಂಗೈಯಲ್ಲಿ ಹಿಡಿದು ನೋಡಿದರು. ಮುತ್ತಿನಂಥ ಕಾಳು. "ಒಳಗ ಒಯ್ರಿ ಇದನ್ನ" ಎಂದರು. ಇಬ್ಬರು ಹುಡುಗರು ಚೀಲವನ್ನು ಎಳೆದುಕೊಂಡು ಹೋದರು. ಬೀಬಿಯ ಗಡಿಗೆಯನ್ನು ತಿರುಗಿಸಿ ಕಳಿಸಿದವರು ಇವರೇ.

ಅವಳಪ್ಪ ರುಮಾಲಿನಿಂದ ಬೆವರು ಒರೆಸಿಕೊಂಡ.

"ನನ್ನ ಮಗಳು ಎಲ್ಲಿ ಕುಂದ್ರತಾಳ್ರಿ ಊಟಕ್ಕ?"

ಸಾಹುಕಾರರು ಅವನಿಗೆ ಸಮಾಧಾನದಿಂದಲೇ ತಿಳಿಸಿ ಹೇಳಿದರು. ಇದು ಗಂಡುಹುಡುಗರ ನಿಲಯ. ಅದೂ ನಮ್ಮವರದು. ನಿಮ್ಮವರೂ ಮುಂದೆ ಒಂದು ಮಾಡಿಕೊಳ್ಳಿರಿ, ಬೇಕಾದರೆ ನಾವೂ ಬರುತ್ತೇವೆ. ಅವನು ಹೌದ್ರಿ, ಹೌದ್ರಿ ಅನ್ನುತ್ತ ಕೇಳಿದ. ಆಮೇಲೆ ತಿರುಗಿ ಮಗಳ ಮುಖ ನೋಡಿದ. ಕೊರಳಿನ ಎಲುಬು ಎದ್ದು ಕಾಣುತ್ತಿತ್ತು.

"ಎಷ್ಟು ದಿನಾತು ಮಗಾ ಹೊಟ್ಟಿ ತುಂಬ ಉಂಡು?" ಎಂದ. ಅವಳು ಸೆರಗನ್ನು ಕೊರಳಿನ ಮೇಲೆ ಎಳೆದುಕೊಂಡಳು. "ನಡಿ ಮತ್ತ. ಅರಬಿ ತಗೊಂಬಾ."

ನನಗೆ ತಡೆಯಲಾಗಲಿಲ್ಲ. ಚಪ್ಪರದೊಳಗೆ ನುಗ್ಗಿ ಆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಎಳೆಯತೊಡಗಿದೆ. ಮಗಳಿಗೆ ಜಾಗವಿಲ್ಲದ ಮೇಲೆ ಅಪ್ಪನ ಜೋಳ ಯಾಕೆ ಬೇಕು ಎಂದು ಅರಚಿದೆ. ಅಪ್ಪ ಓಡಿಬಂದ. ಅವನಿಗಿಂತ ಮೊದಲು ನನ್ನ ಕೈ ಹಿಡಿದವನು ಕುರಿಗಾರ.

"ಬ್ಯಾಡವ್ವಾ, ಬಿಡು" ಎಂದ. "ದೇವರ ಹೆಸರಿಲೆ ಇಟ್ಟದ್ದು. ತಿರುಗಿ ಒಯ್ದ್ರ ಕುರಿಗಿ ಒಳ್ಳೇದಾಗಂಗಿಲ್ಲ."

ನನ್ನ ಕೈಯನ್ನು ಅವನೇ ಮೆಲ್ಲಗೆ ಚೀಲದಿಂದ ಬಿಡಿಸಿದ. ಬಿಡಿಸಿ, ಚೀಲವನ್ನು ಅವನೇ ಎತ್ತಿ ಒಳಗಿನ ರಾಶಿಯ ಪಕ್ಕ ನಿಲ್ಲಿಸಿ, ಕಾಳು ಚೆಲ್ಲದಂತೆ ಬಾಯಿ ಕಟ್ಟಿ ಬಂದ.

ಅಷ್ಟರಲ್ಲಿ ಅವಳು ಅತ್ತೆಯ ಮನೆಯಿಂದ ಬಟ್ಟೆಯ ಗಂಟು ತಂದಿದ್ದಳು. ಪುಸ್ತಕಗಳನ್ನು ಬೇರೆ ಕಟ್ಟಿದ್ದಳು, ಅವನ್ನು ನನ್ನ ಕೈಗೆ ಕೊಟ್ಟಳು. ಪರೀಕ್ಷೆಗೆ ಇನ್ನೊಂದು ತಿಂಗಳಿತ್ತು. ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಅವಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಅವಳು ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿತ್ತೋ ಅಚ್ಚರಿಯಿತ್ತೋ, ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ.

"ನೀ ಯಾಕ ಅಳ್ತಿ?" ಎಂದಳು. "ನಿನಗ ನಾಳಿ ಸಾಲಿ ಅದಲ್ಲ."

ಮರುದಿನ ನನಗೆ ಶಾಲೆ ಇತ್ತು. ಹೋದೆ.